ಮಾವನ ಕೈ, ಮಾವನ ಕಾರು

ನಮ್ಮ ಸೋದರಮಾವ ಕಾರಿನ ಸೀಟು ಹೊಲಿಯುವವರು. ಯಾರಾದರೂ ಅಪ್ಪಿತಪ್ಪಿ ‘ಟೈಲರ್’ ಎಂದುಬಿಟ್ಟರೆ ಅವರ ಮುಖ ಗಂಟಿಕ್ಕಿಕೊಳ್ಳುತ್ತದೆ. ಟೈಲರ್ ನಿಂತ ಮನುಷ್ಯನ ಅಳತೆ ತೆಗೆದುಕೊಳ್ಳುವವನು, ತಾವು ಕೂತ ಮನುಷ್ಯನ ಅಳತೆ ಬಲ್ಲವರು, ಎರಡಕ್ಕೂ ಅಜಗಜಾಂತರ ಎಂಬುದು ಅವರ ವಾದ. ಈ ವಾದವನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಕೇಳದೆ ವಿಧಿಯಿಲ್ಲ, ಅಮ್ಮನಿಗೆ ಇರುವುದು ಒಬ್ಬನೇ ತಮ್ಮ.

ಅವರ ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಮುಂದೆ ಕಬ್ಬಿಣದ ಷಟರ್, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಮೂಲೆಯಲ್ಲಿ ಸುತ್ತಿಟ್ಟ ಫೋಮ್ ಹಾಳೆಗಳು, ಗೋಡೆಯುದ್ದಕ್ಕೂ ಮೈಮೇಲೆ ಏನೂ ಇಲ್ಲದೆ ನಿಂತ ಸೀಟುಗಳ ಕಬ್ಬಿಣದ ಚೌಕಟ್ಟುಗಳು. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಹೊಲಿಗೆ ಯಂತ್ರ ಇದ್ದರೂ ಮಾವನ ಹೆಸರು ನಿಂತಿರುವುದು ಕೈಹೊಲಿಗೆಯ ಮೇಲೆ. ಸ್ಟೀರಿಂಗಿಗೆ ಹೊದಿಸುವ ಚರ್ಮ, ಸೀಟಿನ ಅಂಚು, ಬಾಗಿಲಿನ ಒಳಮೈ, ಇವನ್ನೆಲ್ಲ ಬಾಗಿದ ಸೂಜಿಯಲ್ಲಿ, ಮೇಣ ಹಚ್ಚಿದ ದಾರದಲ್ಲಿ ಒಂದೊಂದೇ ಹೊಲಿಗೆ ಹಾಕಿ ಮುಗಿಸುತ್ತಾರೆ. ಹಳೆಯ ಕಾರುಗಳನ್ನು ಮಕ್ಕಳಂತೆ ಸಾಕುವ ಜನ ಎಲ್ಲೆಲ್ಲಿಂದಲೋ ಅವರನ್ನು ಹುಡುಕಿಕೊಂಡು ಬರುತ್ತಾರೆ.

ಅಚ್ಚುಕಟ್ಟು ಎನ್ನುವುದು ಮಾವನಿಗೆ ಚಟ. ಮನೆಗೆ ಬಂದವರ ಜೊತೆ ಲೋಕಾಭಿರಾಮ ಮಾತಾಡುತ್ತಲೇ ಅವರ ತೋಳಿನಿಂದ ಹೊರಬಂದ ಎಳೆಯನ್ನು ಪಟಕ್ಕನೆ ಕಿತ್ತುಬಿಡುತ್ತಾರೆ. ಒಮ್ಮೆ ನನ್ನ ಮೇಲಧಿಕಾರಿಯ ಕೋಟಿನಿಂದ ಹಾಗೆ ಕಿತ್ತು, ಇಡೀ ಗುಂಡಿ ಕೈಗೆ ಬಂದು, ನನ್ನ ಮಾನ ಹರಾಜಾಗಿತ್ತು. ‘ಹೇಗೂ ಬೀಳೋದೇ ಇತ್ತು’ ಎಂದು ಮಾವ ಅದನ್ನು ಅವರ ಕೈಗೇ ಇಟ್ಟಿದ್ದರು.

ಅವರ ಕಾರೋ, ನನಗಿಂತ ಒಂದೆರಡು ವರ್ಷ ಚಿಕ್ಕದು. ಗಾಡಿಯಲ್ಲಿ ಎಲ್ಲಾದರೂ ಸದ್ದು ಬಂದರೆ ಬೇರೆಯವರು ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ, ನಮ್ಮ ಮಾವ ಕತ್ತರಿ ಕೈಗೆ ತೆಗೆದುಕೊಳ್ಳುತ್ತಾರೆ. ಬಾಗಿಲು ಕಟಕಟ ಎಂದಾಗ ಸಂದಿಗೆ ದಪ್ಪ ಉಣ್ಣೆಬಟ್ಟೆ ತುರುಕಿದರು. ಡ್ಯಾಶ್‌ಬೋರ್ಡ್ ಕಿರಿಕಿರಿ ಮಾಡಿದಾಗ ಅದರ ಹಿಂದೆ ಸ್ಪಂಜು ಹೋಯಿತು. ಹಿಂದಿನಿಂದ ಗುಂಯ್ ಎಂಬ ಸದ್ದು ಶುರುವಾದಾಗ ಡಿಕ್ಕಿಯ ನೆಲಕ್ಕೆ ಪದರದ ಮೇಲೆ ಪದರ ಹಾಸಿದರು. ಆ ಕಾರಿನಲ್ಲಿ ಕೂತರೆ ಹೊರಗೆ ಊರು ಮುಳುಗಿದರೂ ಗೊತ್ತಾಗುವಂತಿರಲಿಲ್ಲ. ಅತ್ತೆ ಅದಕ್ಕೆ ‘ಓಡುವ ಹಾಸಿಗೆ’ ಎಂದು ಹೆಸರಿಟ್ಟಿದ್ದಳು.

ಇನ್ನು ತಾತನ ಕೈಯ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಮಾವನ ಅಪ್ಪ, ಅಂದರೆ ನನ್ನ ತಾತ, ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡಿದವರು. ಒಂದು ವಯಸ್ಸಿನ ನಂತರ ಅವರ ಕೈ ನಡುಗತೊಡಗಿತು. ಮೊದಲು ಸೂಜಿಗೆ ದಾರ ಹೋಗಲಿಲ್ಲ. ಬೆಳಕು ಸಾಲದು ಎಂದು ತಾತ ಬಲ್ಬು ಬದಲಾಯಿಸಿದರು. ಆಮೇಲೆ ಹೊಲಿಗೆ ಸೊಟ್ಟಗಾಯಿತು. ಗಿರಾಕಿಗಳು ಮುಖದ ಮೇಲೆ ಏನೂ ಹೇಳಲಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದರು. ಕೊನೆಗೆ ಒಂದು ದಿನ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಮಾವ, ‘ಅಪ್ಪಾ, ಇನ್ನು ಸಾಕು, ನನಗೆ ಕೊಡಿ’ ಎಂದು ತಾತನ ಕೈಯಿಂದ ಸೂಜಿ ತೆಗೆದುಕೊಂಡರಂತೆ. ತಾತ ಕೊಟ್ಟುಬಿಟ್ಟರಂತೆ. ಅದಾದ ಮೇಲೂ ಎಷ್ಟೋ ವರ್ಷ ಬದುಕಿದ್ದ ತಾತ ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಮಗನ ಕೈಯನ್ನೇ ನೋಡುತ್ತಿದ್ದರು. ಅದು ನನಗೂ ಮಸುಕಾಗಿ ನೆನಪಿದೆ.

ಈ ವರ್ಷ ಮಾವನ ಕೈಯೂ ನಡುಗತೊಡಗಿತು. ಅವರು ಇದನ್ನು ಅಮ್ಮನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ, ನನಗಂತೂ ಹೇಳುವ ಮಾತೇ ಇಲ್ಲ, ಏಕೆಂದರೆ ನನಗೆ ಹೇಳಿದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ನನಗೂ ಇದೆಲ್ಲ ತಿಳಿದದ್ದು ಆಮೇಲೆಯೇ. ಆದರೂ ಈಗಲೇ ಹೇಳಿಬಿಡುತ್ತಿದ್ದೇನೆ, ಗುಟ್ಟು ಬಚ್ಚಿಟ್ಟುಕೊಂಡು ಕಥೆ ಹೇಳುವುದು ನನ್ನ ಜಾಯಮಾನವಲ್ಲ. ಬೆಳಿಗ್ಗೆ ಅಂಗಡಿಗೆ ಬಂದು ಕೂತರೆ ಸೂಜಿಯ ಕಣ್ಣು ಒಂದು ಕಡೆ, ದಾರದ ತುದಿ ಇನ್ನೊಂದು ಕಡೆ. ಕಾರು ಓಡಿಸುವಾಗಲಂತೂ ಕೈ ಸ್ಟೀರಿಂಗ್ ಸಮೇತ ನಡುಗುತ್ತಿತ್ತು. ಮಾವನ ಲೆಕ್ಕದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ತಾತನಿಗೆ ಬಂದದ್ದು ತಮಗೂ ಬಂತು. ಇನ್ನೇನು, ಕೈಯಲ್ಲಿನ ಸೂಜಿ ಬಿಡುವ ಕಾಲ.

ಅವರು ಮೊದಲು ಮಾಡಿದ್ದು ಸ್ಟೀರಿಂಗಿಗೆ ಫೋಮ್ ತುಂಬಿದ ದಪ್ಪ ಕವರ್ ಹೊಲಿದದ್ದು, ಹಿಡಿತ ಬಿಗಿಯಾದರೆ ನಡುಕ ನಿಲ್ಲಬಹುದು ಎಂದು. ಆಮೇಲೆ ಕೈಹೊಲಿಗೆ ಕೇಳಿಕೊಂಡು ಬಂದವರಿಗೆ, ‘ಈಗ ಯಾರು ಸ್ವಾಮಿ ಅದನ್ನೆಲ್ಲ ಮಾಡಿಸ್ತಾರೆ, ಮಿಷನ್ ಹೊಲಿಗೆಯೇ ಗಟ್ಟಿ’ ಎನ್ನತೊಡಗಿದರು. ಇಡೀ ಆಯುಷ್ಯ ಮಿಷನ್ ಹೊಲಿಗೆಯನ್ನು ಬೈದುಕೊಂಡು ಬಂದ ಮನುಷ್ಯ! ಅಷ್ಟರಲ್ಲೇ ನಮಗೆ ಅನುಮಾನ ಬರಬೇಕಿತ್ತು.

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಒಂದು ಮಧ್ಯಾಹ್ನ ಮಾವ ಬಾಗಿಲು ತಳ್ಳಿಕೊಂಡು ಬಂದರು.

“ಪುಟ್ಟಿ, ನನ್ನ ಕಣ್ಣು ಹೋಗಿದೆ. ಇನ್ನೂ ದಪ್ಪದ ಗಾಜು ಹಾಕ್ಕೊಡು.”

“ಹೋದ ಕಣ್ಣಲ್ಲೇ ಬಾಗಿಲು ಹುಡುಕ್ಕೊಂಡು ಬಂದ್ರಾ? ಬನ್ನಿ, ಕೂತ್ಕೊಳ್ಳಿ, ನೋಡೋಣ.”

ಪರೀಕ್ಷೆ ಮಾಡಿದರೆ ಕಣ್ಣಿಗೆ ಏನೂ ಆಗಿರಲಿಲ್ಲ. ಇದ್ದ ಕನ್ನಡಕವೇ ಸರಿಯಾಗಿತ್ತು. ಓದುವ ಹಲಗೆಯನ್ನು ಕೈಗೆ ಕೊಟ್ಟರೆ ಮಾವ ಅದನ್ನು ಮೇಜಿನ ಮೇಲಿಟ್ಟು, ಬಗ್ಗಿ, ಕಡೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಗಡಗಡನೆ ಓದಿಬಿಟ್ಟರು. ಹಲಗೆಯನ್ನು ಕೈಯಲ್ಲಿ ಹಿಡಿಯಲಿಲ್ಲವಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

“ಮಾವ, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ.”

ಒಳ್ಳೆಯ ಸುದ್ದಿ ಹೇಳಿದೆ ಎಂದುಕೊಂಡಿದ್ದೆ. ಅವರ ಮುಖ ನೋಡಿದರೆ ಸಾವಿನ ಸುದ್ದಿ ಕೇಳಿದವರಂತಿತ್ತು. “ಇನ್ನೊಂದ್ ಸಲ ನೋಡೇ,” ಎಂದರು. ಇನ್ನೊಂದು ಸಲ ನೋಡಿದೆ. ಕಣ್ಣು ಮೊದಲಿನಷ್ಟೇ ಚೆನ್ನಾಗಿತ್ತು. ಮಾವ ಹಳೆಯ ಕನ್ನಡಕವನ್ನೇ ಏರಿಸಿಕೊಂಡು ಎದ್ದು ಹೋದರು. ನನಗೆ ಸಿಟ್ಟು ಬಂತು. ಪುಕ್ಕಟೆಯಾಗಿ ಎರಡೆರಡು ಸಲ ನೋಡಿದ್ದಕ್ಕೆ ಈ ಮರ್ಯಾದೆಯೇ ಎಂದು ರಾತ್ರಿ ಅಮ್ಮನ ಹತ್ತಿರ ಹರಿಹಾಯ್ದೆ.

ಕೆಲವು ದಿನಗಳಾದ ಮೇಲೆ ಮಾವ ಬಾಂಬು ಹಾಕಿದರು. ಅಂಗಡಿಯನ್ನು ಪಕ್ಕದ ಗಾಜಿನವರಿಗೆ ಬಿಟ್ಟುಕೊಡುತ್ತಾರಂತೆ. ಗಾಜಿನವರು ಎಂದರೆ ಕಾರುಗಳಿಗೆ ಗಾಜು ಕೂರಿಸುವವರು. ಅವರಿಗೆ ಬಹುಕಾಲದಿಂದ ಆ ಕೋಣೆಯ ಮೇಲೆ ಕಣ್ಣು. ಅಮ್ಮ ಬಾಯಿಬಿಟ್ಟು ಅತ್ತಳು. ‘ಅಪ್ಪ ಕಟ್ಟಿದ ಅಂಗಡಿ ಕಣೋ’ ಎಂದಳು. ಮಾವ, ‘ಸಾಕಾಗಿದೆ ಅಕ್ಕ’ ಎಂದದ್ದು ಬಿಟ್ಟರೆ ಬೇರೆ ಮಾತೇ ಇಲ್ಲ. ಅತ್ತೆ ಮಾತ್ರ ಅಳಲೂ ಇಲ್ಲ, ಜಗಳಕ್ಕೂ ಇಳಿಯಲಿಲ್ಲ, ಅಡುಗೆಮನೆಯಲ್ಲೇ ಇದ್ದಳು. ಗಂಡನ ವಿಷಯದಲ್ಲಿ ಇಷ್ಟೂ ಕಾಳಜಿ ಇಲ್ಲವಲ್ಲ ಇವಳಿಗೆ ಎಂದು ನಾನು ಒಳಗೊಳಗೇ ಕುದ್ದೆ.

ಅಂಗಡಿಯ ಕೀಲಿಕೈ ಕೊಡುವ ದಿನ ಮಾವ ನನಗೆ ಫೋನು ಮಾಡಿದರು.

“ಪುಟ್ಟಿ, ಇವತ್ತು ರಜಾ ಹಾಕ್ತೀಯಾ? ಮಂಡಿ ನೋವು. ಗಾಡಿ ನೀನೇ ಓಡಿಸ್ಬೇಕು.”

ಅದು ಸುಳ್ಳು. ಅವರ ಮಂಡಿಗೆ ಏನೂ ಆಗಿರಲಿಲ್ಲ. ಆ ದಿನ ನಡುಗುವ ಕೈಯಲ್ಲಿ ಗಾಡಿ ಓಡಿಸಿಕೊಂಡು ಅಂಗಡಿಗೆ ಹೋಗುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ. ಅವರು ಆ ಕಾರನ್ನು ಯಾರ ಕೈಗೂ ಕೊಟ್ಟವರಲ್ಲ. ಅತ್ತೆಗೆ ಓಡಿಸಲು ಬರುವುದಿಲ್ಲ, ನನಗೆ ಬಂದರೂ ಕೀ ಮುಟ್ಟಲು ಬಿಟ್ಟಿರಲಿಲ್ಲ. ನನಗೆ ಮಂಡಿಯ ಮೇಲೆ ಕನಿಕರಕ್ಕಿಂತ ಕೀ ಸಿಕ್ಕಿತಲ್ಲ ಎಂಬ ಖುಷಿಯೇ ಹೆಚ್ಚಾಗಿತ್ತು ಎಂದರೆ ಯಾರೂ ತಪ್ಪು ತಿಳಿಯಬಾರದು.

ಮನೆಯಿಂದ ಅಂಗಡಿಗೆ ಹೋಗಬೇಕಾದರೆ ಸ್ವಲ್ಪ ದೂರ ಹೆದ್ದಾರಿ ಹಿಡಿಯಬೇಕು. ಗಲ್ಲಿಗಳಲ್ಲಿ ಗಾಡಿ ಸಾಧುವಾಗಿತ್ತು. ಹೆದ್ದಾರಿ ಹತ್ತಿ ವೇಗ ಹೆಚ್ಚಿಸಿದೆ. ಸ್ಪೀಡಿನ ಮುಳ್ಳು ಎಂಬತ್ತರ ಹತ್ತಿರ ಬರುತ್ತಿದ್ದಂತೆ ಸ್ಟೀರಿಂಗ್ ನನ್ನ ಅಂಗೈಯೊಳಗೆ ಗದಗದ ನಡುಗತೊಡಗಿತು. ಅಷ್ಟು ದಪ್ಪದ ಕವರ್ ಇದ್ದರೂ ನಡುಕ ಮೊಣಕೈವರೆಗೆ ಹತ್ತಿಬಂತು.

“ಅಯ್ಯಯ್ಯೋ ಮಾವ, ಇದೇನಿದು? ಸ್ಟೀರಿಂಗ್ ಯಾಕೆ ಹೀಗೆ ನಡುಗುತ್ತೆ?”

ಕಿಟಕಿಯ ಹೊರಗೆ ನೋಡುತ್ತಿದ್ದ ಮಾವ ನಿಧಾನವಾಗಿ ತಿರುಗಿದರು. “ಏನಂದೆ?”

“ನಡುಗ್ತಿದೆ ಅಂದೆ. ಚಳಿಜ್ವರ ಬಂದವರ ಹಾಗೆ.”

“ನಿನ್ನ ಕೈಯಲ್ಲೂ ನಡುಗ್ತಿದೆಯಾ?”

“ಹಾಗಂದ್ರೇನು? ನನ್ನ ಕೈಗೇನಾಗಿದೆ? ನಡುಗ್ತಿರೋದು ಗಾಡಿ.”

“ನಿಲ್ಸು,” ಎಂದರು ಮಾವ. “ಪಕ್ಕಕ್ಕೆ ಹಾಕಿ ನಿಲ್ಸು.”

ನಿಲ್ಲಿಸಿದೆ. ಅವರು ಇಳಿದು, ಕಾರಿನ ಸುತ್ತ ಒಂದು ಸುತ್ತು ಬಂದು, ಮತ್ತೆ ಹತ್ತಿ ಕೂತು, “ಇನ್ನೊಂದ್ ಸಲ ಓಡ್ಸು,” ಎಂದರು. ಓಡಿಸಿದೆ. ಮತ್ತೆ ಅದೇ ವೇಗಕ್ಕೆ ಅದೇ ನಡುಕ. ಈ ಸಲ ಮಾವ ಸ್ಟೀರಿಂಗಿನ ಮೇಲಿದ್ದ ನನ್ನ ಕೈಯ ಮೇಲೆ ತಮ್ಮ ಬೆರಳಿಟ್ಟು ನೋಡಿದರು. ಆಮೇಲೆ ನನ್ನ ಮುಖ ನೋಡಿ ಬಹಳ ಗಂಭೀರವಾಗಿ ಕೇಳಿದರು:

“ನಿನಗೆ ಕಾಯಿಲೆ ಏನೂ ಇಲ್ಲ ತಾನೇ?”

“ಇಲ್ಲ. ಆದ್ರೆ ನೀವು ಹೀಗೇ ಮಾತಾಡ್ತಿದ್ರೆ ಬರುತ್ತೆ.”

ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡುಬಿಟ್ಟರು. ಮೊದಲು ನಗುತ್ತಿದ್ದಾರೆ ಎಂದುಕೊಂಡೆ. ನಗುವೂ ಇತ್ತು, ಆದರೆ ಹೆಚ್ಚಿನದು ಅಳುವೇ. ಮಾವ ಅತ್ತದ್ದನ್ನು ನಾನು ಕಂಡಿರಲಿಲ್ಲ. ಗಾಡಿಯನ್ನು ಮತ್ತೆ ಪಕ್ಕಕ್ಕೆ ಹಾಕಿದೆ. ಅಲ್ಲಿ, ಆ ಹೆದ್ದಾರಿಯ ಬದಿಯಲ್ಲಿ, ದೊಡ್ಡ ಲಾರಿಗಳು ಭರ್ರೆಂದು ಹೋಗುತ್ತಿರುವಾಗ, ಮಾವ ಎಲ್ಲವನ್ನೂ ಬಾಯಿಬಿಟ್ಟರು. ಸೂಜಿ, ದಾರ, ತಾತ, ಕನ್ನಡಕ, ಗಾಜಿನವರು, ಎಲ್ಲ. ನಡುಗುತ್ತಿರುವುದು ತಮ್ಮ ಕೈಯೇ, ಅದರಿಂದಲೇ ಸ್ಟೀರಿಂಗ್ ನಡುಗುತ್ತಿದೆ ಎಂದು ಅವರು ಇಷ್ಟೂ ತಿಂಗಳು ನಂಬಿದ್ದರು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ನನ್ನದು ಸಿಟ್ಟು ಮೊದಲು ಹೊರಬರುವ ಸ್ವಭಾವ.

“ಅಲ್ಲ ಮಾವ, ಭಾನುವಾರ ಅಂಗಡಿಗೆ ಹೋಗದೆ ಮನೇಲಿರ್ತೀರಲ್ಲ, ಆಗ ಕೈ ನಡುಗ್ತಿತ್ತಾ?”

“ಇಲ್ಲ.”

“ಬೆಳಿಗ್ಗೆ ಎದ್ದ ತಕ್ಷಣ?”

“ಇಲ್ಲ ಕಣೇ. ವಿಶ್ರಾಂತಿ ಸಿಕ್ಕಿರುತ್ತಲ್ಲ, ಅದಕ್ಕೆ ಅಂದ್ಕೊಂಡೆ.”

“ಭಾನುವಾರ ರಜಾ ಹಾಕೋ ಕಾಯಿಲೆ ಎಲ್ಲಾದ್ರೂ ಇದೆಯಾ ಮಾವ? ಜೋರಾಗಿ ಹೋದಾಗ ಮಾತ್ರ ನಡುಗೋ ಕೈ ಯಾವುದಾದ್ರೂ ಇದೆಯಾ?”

“ಜೋರಾಗಿ ಹೋದ್ರೆ ಹೆದರಿಕೆ ಆಗುತ್ತೆ, ಹೆದರಿಕೆ ಆದ್ರೆ ನಡುಕ ಹೆಚ್ಚಾಗುತ್ತೆ ಅಂತ...” ಮಾವ ಮಾತು ಅಲ್ಲಿಗೇ ಬಿಟ್ಟರು. ಹೆದರಿದವರ ತಲೆಗೆ ಎಲ್ಲದಕ್ಕೂ ಒಂದು ಉತ್ತರ ಹೊಳೆಯುತ್ತದೆ, ಅದೂ ಕೆಟ್ಟ ಉತ್ತರವೇ. ಆಮೇಲೆ ಮೆಲ್ಲಗೆ ಹೇಳಿದರು: “ಗಾಡಿ ನಡುಗ್ತಿದೆ, ಒಪ್ಪಿದೆ. ಆದ್ರೆ ಅಂಗಡಿಗೆ ಹೋಗಿ ಇಳಿದ್ಮೇಲೂ ಕೈ ನಡುಗುತ್ತಲ್ಲ ಪುಟ್ಟಿ? ಅದು?”

ಗಾಡಿಯನ್ನು ಅಂಗಡಿಯ ಬದಲು ಕಾರು ರಿಪೇರಿ ಮಾಡುವ ಮೇಸ್ತ್ರಿಯ ಗ್ಯಾರೇಜಿಗೆ ತಿರುಗಿಸಿದೆ.

ಈ ಮೇಸ್ತ್ರಿಗೆ ‘ತಡಿ ಮೇಸ್ತ್ರಿ’ ಎಂದೇ ಹೆಸರು. ಏನು ಹೇಳಹೋದರೂ ‘ಸ್ವಲ್ಪ ತಡಿ’ ಎನ್ನುವ ಅಭ್ಯಾಸ. ಇಬ್ಬರೂ ಹಳೆಯ ಪರಿಚಯದವರಾದರೂ ಮಾವ ಆ ಗ್ಯಾರೇಜಿನ ಕಡೆ ಸುಳಿಯದೆ ಬಹಳ ಕಾಲವಾಗಿತ್ತು. ಸದ್ದನ್ನೆಲ್ಲ ಬಟ್ಟೆಯಲ್ಲೇ ಮುಚ್ಚುವವರಿಗೆ ಮೇಸ್ತ್ರಿ ಯಾಕೆ ಬೇಕು?

“ಸ್ಟೀರಿಂಗ್ ನಡುಗುತ್ತೆ...” ಎಂದು ಮಾವ ಶುರುಮಾಡಿದರು.

“ಸ್ವಲ್ಪ ತಡೀರಿ ಅಣ್ಣ. ನೀವು ಹೇಳ್ಬೇಡಿ. ಗಾಡಿಯೇ ಹೇಳ್ಲಿ.” ಮೇಸ್ತ್ರಿ ಕೈಯೊರೆಸಿಕೊಂಡು ಸ್ಟೀರಿಂಗಿನ ಮುಂದೆ ಕೂತರು. ನಾವು ಹಿಂದೆ ಕೂತೆವು. ಮತ್ತೆ ಹೆದ್ದಾರಿ.

ಎಂಬತ್ತಕ್ಕೆ ನಡುಕ ಬಂತು. ಮೇಸ್ತ್ರಿ ಇನ್ನೂ ಒತ್ತಿದರು. ನೂರರ ಮೇಲೆ ಹೋದಾಗ ನಡುಕ ಕಡಿಮೆಯಾಯಿತು. ಇಳಿಸಿದರೆ ಮತ್ತೆ ಅದೇ ಜಾಗದಲ್ಲಿ ಹಾಜರು. ಬ್ರೇಕು ಒತ್ತಿ ನೋಡಿದರು, ಹೆಚ್ಚಾಗಲಿಲ್ಲ. ಅಂದರೆ ಬ್ರೇಕಿನದಲ್ಲ ಎಂದರು. ಓಡುತ್ತಿರುವಾಗಲೇ ಗೇರು ನ್ಯೂಟ್ರಲ್ಲಿಗೆ ಹಾಕಿದರು. ಎಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಅಂದರೆ ಎಂಜಿನ್ನಿನದೂ ಅಲ್ಲ. “ಚಕ್ರದ್ದು ಅಣ್ಣ. ಚಕ್ರದ ತೂಕ ಸಮ ಇಲ್ಲ. ಸ್ಟೀರಿಂಗಲ್ಲಿ ಬಂದ್ರೆ ಮುಂದಿನ ಚಕ್ರ. ಸೀಟಲ್ಲಿ ಬಂದ್ರೆ ಹಿಂದಿನದು. ನಿಮ್ಗೆ ಸೀಟು ನಡುಗ್ತಿರ್ಲಿಲ್ವಾ?”

“ಸೀಟಿಗೆ ಎರಡು ಪದರ ಫೋಮ್ ಹಾಕಿದೀನಿ,” ಎಂದರು ಮಾವ, ಸ್ವಲ್ಪ ಹೆಮ್ಮೆಯಿಂದಲೇ.

“ಸ್ವಲ್ಪ ತಡೀರಿ. ಇದೇನು ಗುಂಯ್ ಅನ್ನುತ್ತೆ?” ಮೇಸ್ತ್ರಿ ಕಿವಿ ನಿಮಿರಿಸಿದರು. ನನಗೆ ಏನೂ ಕೇಳಿಸಲಿಲ್ಲ. ಗ್ಯಾರೇಜಿಗೆ ಮರಳಿ, ಡಿಕ್ಕಿಯ ಹಾಸುಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಹಾಕಿದರು. ಉಣ್ಣೆಬಟ್ಟೆ, ರಬ್ಬರು, ಫೋಮ್, ಮತ್ತೆ ಉಣ್ಣೆಬಟ್ಟೆ. “ಅಣ್ಣ, ಇದು ಕಾರಾ ಬಾಣಂತಿ ಕೋಣೆಯಾ?” ಎಂದರು. ಗುಡ್ಡೆಯಾದ ಬಟ್ಟೆಯನ್ನು ಗ್ಯಾರೇಜಿನಲ್ಲೇ ಬಿಟ್ಟು ಮತ್ತೊಂದು ಸುತ್ತು ಹೋದೆವು. ಈಗ ಎಲ್ಲರಿಗೂ ಕೇಳಿಸಿತು. ಹಿಂದಿನ ಎಡಗಡೆಯಿಂದ ಗಿರಣಿಯಂಥ ಮೊರೆತ. ಗಾಡಿಯನ್ನು ಬಲಕ್ಕೆ ತಿರುಗಿಸಿ ಭಾರವೆಲ್ಲ ಎಡಕ್ಕೆ ಬಿದ್ದಾಗ ಮೊರೆತ ಜೋರು, ಎಡಕ್ಕೆ ತಿರುಗಿಸಿದಾಗ ಮಂದ.

ಮೇಸ್ತ್ರಿ ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಆ ಚಕ್ರವನ್ನು ಕೈಯಿಂದ ತಿರುಗಿಸಿ, ಪಕ್ಕದ ಸ್ಪ್ರಿಂಗಿನ ಮೇಲೆ ಬೆರಳಿಡಲು ಮಾವನಿಗೆ ಹೇಳಿದರು. ಮಾವ ಇಟ್ಟರು. “ಒಳಗೆ ಮರಳು ಇದ್ದ ಹಾಗಿದೆ,” ಎಂದರು. “ಅದೇ. ಬೇರಿಂಗ್ ತಿಂದುಹೋಗಿದೆ. ಇನ್ನೂ ಸ್ವಲ್ಪ ದಿನ ಬಟ್ಟೆ ತುರುಕ್ತಾ ಇದ್ದಿದ್ರೆ ಚಕ್ರವೇ ನಿಮ್ಮನ್ನ ಓವರ್‌ಟೇಕ್ ಮಾಡ್ಕೊಂಡು ಹೋಗ್ತಿತ್ತು,” ಎಂದರು ಮೇಸ್ತ್ರಿ. ಆ ಮಾತಿಗೆ ನಾನು ನಕ್ಕೆ. ಮಾವ ನಗಲಿಲ್ಲ, ಅತ್ತೆಯೂ ಅದೇ ಗಾಡಿಯಲ್ಲಿ ಕೂರುವವಳಲ್ಲವೇ?

ಬೇರಿಂಗ್ ಬದಲಾಯಿಸಿ ಆದ ಮೇಲೆ ಚಕ್ರಗಳನ್ನು ಒಂದೊಂದಾಗಿ ತೂಕ ನೋಡುವ ಯಂತ್ರಕ್ಕೆ ಏರಿಸಿದರು. ಅಲ್ಲಿ ಮೇಸ್ತ್ರಿಗೆ ತಲೆ ಕೆಟ್ಟಿತು.

“ಸ್ವಲ್ಪ ತಡೀರಿ. ಇದೇನಣ್ಣ, ನಾಲ್ಕು ಚಕ್ರದಲ್ಲಿ ಒಂದ್ರಲ್ಲೂ ತೂಕದ ತುಂಡೇ ಇಲ್ಲ? ಒಂದು ಬೀಳಬಹುದು, ಎರಡು ಬೀಳಬಹುದು. ಎಲ್ಲಾ ಎಲ್ಲಿ ಹೋಯ್ತು?”

“ಯಾವ ತುಂಡು?” ಎಂದರು ಮಾವ.

ಮೇಸ್ತ್ರಿ ಡಬ್ಬಿಯಿಂದ ಬೆರಳ ತುದಿಯಷ್ಟಿದ್ದ ಒಂದು ಸೀಸದ ತುಂಡು ತೆಗೆದು ತೋರಿಸಿದರು. ಚಕ್ರದ ಯಾವ ಕಡೆ ಹಗುರವೋ ಆ ಕಡೆಯ ಅಂಚಿಗೆ ಅದನ್ನು ಸಿಕ್ಕಿಸುತ್ತಾರೆ, ಆಗ ಚಕ್ರ ಕುಣಿಯದೆ ಸಮವಾಗಿ ತಿರುಗುತ್ತದೆ. ಅದನ್ನು ನೋಡುತ್ತಿದ್ದಂತೆ ಮಾವನ ಮುಖದ ಬಣ್ಣವೇ ಬದಲಾಯಿತು.

“ಅದಾ?” ಎಂದರು. “ಅದನ್ನ ನಾನೇ ಕಿತ್ತುಹಾಕಿದೆ.”

“ಏನು?”

“ಈ ವರ್ಷದ ಮೊದಲಲ್ಲಿ ಚಕ್ರಕ್ಕೆ ಬೆಳ್ಳಿ ಬಣ್ಣ ಹೊಡೆದೆನಲ್ಲ, ಆಗ. ಅಂಚಲ್ಲಿ ಅಲ್ಲೊಂದು ಇಲ್ಲೊಂದು ಗುಬುಟು ಇತ್ತು. ನೋಡೋಕೆ ಅಸಹ್ಯ. ಯಾರೋ ಕೆಲಸ ಮಾಡಿದವನು ಸರಿಯಾಗಿ ಮುಗಿಸಿಲ್ಲ ಅಂದ್ಕೊಂಡು ಸ್ಕ್ರೂಡ್ರೈವರಲ್ಲಿ ಎಬ್ಬಿಸಿಬಿಟ್ಟೆ.”

“ಎಬ್ಬಿಸಿ ಏನು ಮಾಡಿದ್ರಿ?”

“ಬಟ್ಟೆ ಕತ್ತರಿಸುವಾಗ ಜರುಗದ ಹಾಗೆ ಮೇಲಿಡ್ತೀನಿ. ಬಹಳ ಅನುಕೂಲ.”

ತಡಿ ಮೇಸ್ತ್ರಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಜನ ದಾರಿಯಲ್ಲಿ ನಿಂತು ನೋಡುವಷ್ಟು ನಕ್ಕರು. ನಾನೂ ನಕ್ಕೆ. ಗುಂಡಿ ಕಳೆದುಕೊಂಡ ನನ್ನ ಮೇಲಧಿಕಾರಿ ಅಲ್ಲಿರಬೇಕಿತ್ತು ಎನಿಸಿತು. ಸೀಟಿನವರಲ್ಲದೆ ಬೇರೆ ಯಾರು ತಾನೇ ಚಕ್ರಕ್ಕೆ ‘ಫಿನಿಶಿಂಗ್ ಸರಿಯಿಲ್ಲ’ ಎಂದು ಅದರ ಜೀವವನ್ನೇ ಕಿತ್ತುಹಾಕಿಯಾರು?

ಮಾವ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. “ಮೇಸ್ತ್ರಿ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಹೀಗೆ ನಡುಗೋ ಸ್ಟೀರಿಂಗ್ ಹಿಡಿದವನ ಕೈ, ಇಳಿದ್ಮೇಲೂ ನಡುಗುತ್ತಾ?”

ಮೇಸ್ತ್ರಿ ನಗು ನಿಲ್ಲಿಸಿದರು. ಮಾವನ ಮುಖ ನೋಡಿ ಅವರಿಗೆ ಏನೋ ಅರ್ಥವಾಗಿರಬೇಕು, ‘ತಡಿ’ ಎನ್ನಲಿಲ್ಲ. “ಅಣ್ಣ, ನಾನು ಗ್ರೈಂಡರ್ ಹಿಡಿದು ಕಬ್ಬಿಣ ಉಜ್ಜಿದ ದಿನ ಗ್ಯಾರೇಜಿನ ಬೀಗಕ್ಕೆ ಕೀಲಿ ಹಾಕೋಕೆ ಆಗಲ್ಲ. ಬೇರೆಯವರು ಹಾಕ್ತಾರೆ. ನೀವು ಅಷ್ಟು ದಪ್ಪದ ಕವರನ್ನ ಅಷ್ಟು ಬಿಗಿಯಾಗಿ ಹಿಡ್ಕೊಂಡು ಬಂದ್ರೆ ಯಾರ ಕೈ ಆದ್ರೂ ನಡುಗುತ್ತೆ. ಮೊದ್ಲು ಆ ಕವರ್ ಬಿಚ್ಚಿ.”

ಮಾವ ಅಲ್ಲೇ ಕೂತು, ಬ್ಲೇಡಿನಿಂದ ತಮ್ಮದೇ ಹೊಲಿಗೆಯನ್ನು ಕೊಯ್ದು ಕವರ್ ಬಿಚ್ಚಿದರು. ಮೇಸ್ತ್ರಿ ನಾಲ್ಕೂ ಚಕ್ರಗಳಿಗೆ ಹೊಸ ತುಂಡುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರು. ಬೆಳ್ಳಿ ಬಣ್ಣದ ಮೇಲೆ ಅವು ಎದ್ದು ಕಾಣುತ್ತಿದ್ದವು. ಮಾವನ ಬೆರಳು ಒಂದು ಕ್ಷಣ ಆ ಕಡೆ ಹೋಯಿತು. “ಮುಟ್ಟಿದ್ರೆ ನೋಡಿ!” ಎಂದು ನಾನೂ ಮೇಸ್ತ್ರಿಯೂ ಒಟ್ಟಿಗೇ ಕೂಗಿದೆವು.

ಅಲ್ಲಿಂದ ಅಂಗಡಿಗೆ ಮಾವನೇ ಓಡಿಸಿದರು. ಮಂಡಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಎಂಬತ್ತು ದಾಟಿತು. ಸ್ಟೀರಿಂಗ್ ಮಿಸುಕಲಿಲ್ಲ. ತೊಂಬತ್ತು. ಮಾವನ ಹಿಡಿತ ಒಂದೊಂದೇ ಬೆರಳಾಗಿ ಸಡಿಲವಾಯಿತು, ಕಡೆಗೆ ಎರಡು ಬೆರಳುಗಳಲ್ಲಿ ಗಾಡಿ ಹೋಗುತ್ತಿತ್ತು. ಬಟ್ಟೆಯೆಲ್ಲ ತೆಗೆದದ್ದರಿಂದ ಟಯರಿನ ಸದ್ದು, ಗಾಳಿಯ ಸದ್ದು, ಪಕ್ಕದ ಲಾರಿಯ ಸದ್ದು ಎಲ್ಲ ಕೇಳಿಸುತ್ತಿದ್ದವು. ನನಗೆ ಎಷ್ಟು ಹಾಯೆನಿಸಿತೆಂದರೆ ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿದ್ದೆ. ಮಾವನಿಗೆ ಇನ್ನೂ ಒಂದು ಪರೀಕ್ಷೆ ಬಾಕಿಯಿತ್ತು.

ಷಟರ್ ಎತ್ತಿ ಒಳಗೆ ಹೋದವರೇ ಬೆಳಕಿನ ಕಡೆ ತಿರುಗಿ ನಿಂತು, ಸೂಜಿಗಳಲ್ಲೆಲ್ಲ ಸಣ್ಣದನ್ನು ಆರಿಸಿ, ದಾರಕ್ಕೆ ಮೇಣ ಹಚ್ಚಿದರು. ದಾರ ಸೂಜಿಯ ಕಣ್ಣಿನೊಳಗೆ ನೆಟ್ಟಗೆ ಹೋಯಿತು. ಮಾವ ಅದನ್ನು ಹೊರಗೆಳೆದು ಮತ್ತೆ ಪೋಣಿಸಿದರು. ಮತ್ತೆ ಹೋಯಿತು. ಹಾಗೆ ಎಷ್ಟು ಸಲ ಎಳೆದರೋ, ಎಷ್ಟು ಸಲ ಪೋಣಿಸಿದರೋ! “ಸಾಕು ಮಾವ, ಸೂಜಿಗೆ ತಲೆ ಸುತ್ತುತ್ತೆ,” ಎಂದೆ, ಕಣ್ಣೊರೆಸಿಕೊಳ್ಳುತ್ತಾ.

ಅಷ್ಟರಲ್ಲಿ ಗಾಜಿನವರು ಬಂದರು. ಬೆಳಗಿನಿಂದ ಕಾದು ಬೇಸತ್ತಿದ್ದರು. ಕೈಯಲ್ಲಿ ಅಳತೆ ಟೇಪು ಬೇರೆ. ಗೋಡೆಗೆ ಎಲ್ಲಿ ಮೊಳೆ ಹೊಡೆಯಬೇಕು ಎಂದು ಗುರುತು ಹಾಕಲು ತಂದಿದ್ದರು.

“ಏನಣ್ಣ, ಬೆಳಿಗ್ಗೆ ಬರ್ತೀನಿ ಅಂದವರು ಈಗ ಬಂದ್ರಾ? ಕೀಲಿಕೈ?”

“ಕೊಡಲ್ಲ,” ಎಂದರು ಮಾವ. ಅಷ್ಟು ಒರಟಾಗಿ ಹೇಳಿದ್ದಕ್ಕೆ ತಾವೇ ನಾಚಿಕೊಂಡು, “ತಪ್ಪು ತಿಳ್ಕೋಬೇಡಿ. ನನ್ನ ಗಾಡಿಗೆ ಹುಷಾರಿರ್ಲಿಲ್ಲ. ನನಗೇ ಹುಷಾರಿಲ್ಲ ಅಂದ್ಕೊಂಡಿದ್ದೆ,” ಎಂದರು. ಗಾಜಿನವರಿಗೆ ಇದರ ತಲೆಬುಡ ತಿಳಿಯಲಿಲ್ಲ. ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಮಾವನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಗೊಣಗುತ್ತಾ ಹೋದರು. ಆಮೇಲಿನ ವಾರ ನಾನು ಹಟ ಹಿಡಿದು ಮಾವನನ್ನು ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ಅವರೂ ಕೈ ಚಾಚಿಸಿ, ಬೆರಳು ಮಡಿಸಿ, ಗೀಟು ಎಳೆಸಿ ನೋಡಿ, ಏನೂ ಇಲ್ಲ ಎಂದರು. ಆದರೆ ಹೋದ ಜೀವ ಬಂದದ್ದು ಅಂಗಡಿಯಲ್ಲೇ.

ಆ ದಿನ ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಅಂಗಡಿ ಕೈಬಿಟ್ಟು ಬರುವ ಗಂಡನಿಗೆ ಏನು ಹೇಳಬೇಕೆಂದು ಅವಳು ದಿನವಿಡೀ ಯೋಚಿಸಿರಬೇಕು. ಮಾವ ಚಪ್ಪಲಿ ಬಿಡುವಷ್ಟು ಪುರಸೊತ್ತೂ ಇಲ್ಲದೆ ಹೇಳತೊಡಗಿದರು. ಕೈ ನಡುಗುತ್ತಿದ್ದದ್ದು, ಅದು ಕೈಯಲ್ಲ ಗಾಡಿ ಎಂದು ಗೊತ್ತಾದದ್ದು, ಸೀಸದ ತುಂಡು, ಸೂಜಿ. ನಡುನಡುವೆ ನಾನೂ ಬಾಯಿ ಹಾಕಿದೆ. ಅತ್ತೆ ‘ಅಯ್ಯೋ’ ಎನ್ನಲಿಲ್ಲ, ‘ನನಗ್ಯಾಕೆ ಹೇಳಲಿಲ್ಲ’ ಎಂದು ಜಗಳ ತೆಗೆಯಲಿಲ್ಲ. ಎಲ್ಲ ಕೇಳಿ, ಅಡುಗೆಮನೆಗೆ ಹೋಗಿ, ಚಹಾ ತಂದಳು. ಲೋಟ ಅಂಚಿನವರೆಗೆ ತುಂಬಿತ್ತು.

“ಇದೇನೇ, ಇಷ್ಟೊಂದು?” ಎಂದರು ಮಾವ.

“ಇಷ್ಟು ತಿಂಗಳು ಅರ್ಧ ಲೋಟ ಕೊಡ್ತಿದ್ದೆ. ನೀವು ಯಾಕೆ ಅಂತ ಒಂದು ದಿನವೂ ಕೇಳ್ಲಿಲ್ಲ.”

“ಯಾಕೆ ಅರ್ಧ?”

“ಸಂಜೆ ಬಂದಾಗ ನಿಮ್ಮ ಕೈಯಲ್ಲಿ ಚೆಲ್ತಿತ್ತಲ್ಲ. ಚೆಲ್ಲಿದ್ರೆ ನೀವು ಮುಖ ಸಣ್ಣ ಮಾಡ್ಕೊಳ್ತಿದ್ರಿ.”

“ನಿನಗೆ ಗೊತ್ತಿತ್ತಾ?” ಎಂದರು ಮಾವ.

“ನಿಮ್ಮಪ್ಪನ್ನ ಕೊನೇವರೆಗೂ ನೋಡಿಕೊಂಡವಳು ನಾನೇ ಅಲ್ವೇನ್ರೀ? ಅವರಿಗೂ ಹೀಗೇ ಅರ್ಧ ಕೊಡ್ತಿದ್ದೆ. ನೀವಾಗೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ. ಹೇಳಿದ್ರೆ ಹೊಲಿಯೋದನ್ನ ನನಗೆ ಕಲಿಸಿ, ಅಂಗಡಿ ಬಿಡೋದು ಬೇಡ ಅನ್ನೋಣ ಅಂತಿದ್ದೆ.”

ಅವಳಿಗೆ ಕಾಳಜಿಯಿಲ್ಲ ಎಂದು ಕುದ್ದಿದ್ದ ನಾನು ತಲೆ ತಗ್ಗಿಸಿದೆ. ಲೋಟ ಹಿಡಿದಿದ್ದ ಅತ್ತೆಯ ಕೈ ಈಗ ಗಡಗಡ ನಡುಗುತ್ತಿತ್ತು, ಚಹಾ ಅಂಚು ಮೀರಿ ತುಳುಕುತ್ತಿತ್ತು. ಮಾವ ಎರಡೂ ಕೈ ಚಾಚಿ, ಅವಳ ಕೈ ಸಮೇತ ಲೋಟವನ್ನು ಹಿಡಿದುಕೊಂಡು, ಅದು ನಿಲ್ಲುವವರೆಗೂ ಬಿಡಲಿಲ್ಲ.